ಲಾಗಿನ್ ಆದವರು ಯಾರ ಹೆಸರಿನಲ್ಲಿ ಬರೆಯಬಹುದು?

1982ರಲ್ಲಿ ಜಾನ್ ಪೋಸ್ಟೆಲ್ ಇಮೇಲ್ ಸಾಗಾಟದ ಎಸ್‌ಎಂಟಿಪಿ ನಿಯಮಾವಳಿಯನ್ನು ಬರೆದಾಗ ಅದರಲ್ಲಿ ಪಾಸ್‌ವರ್ಡ್ ಕೇಳುವ ಏರ್ಪಾಡೇ ಇರಲಿಲ್ಲ. ಯಾರು ತಂದುಕೊಟ್ಟರೂ ಸರ್ವರ್ ಪತ್ರವನ್ನು ಪಡೆದು ಮುಂದಕ್ಕೆ ದಾಟಿಸುತ್ತಿತ್ತು. ಸ್ಪ್ಯಾಮ್ ಕಳಿಸುವವರು ಈ ಔದಾರ್ಯವನ್ನೇ ಬಂಡವಾಳ ಮಾಡಿಕೊಂಡ ಮೇಲೆ, 1999ರಲ್ಲಿ, ಕಳಿಸುವವರ ಗುರುತನ್ನು ಕೇಳುವ ವಿಸ್ತರಣೆ ಅದಕ್ಕೆ ಸೇರಿತು.

ಗುರುತು ಸಿಕ್ಕಿದ ಮಾತ್ರಕ್ಕೆ ಅಧಿಕಾರ ಎಷ್ಟೆಂಬುದು ತೀರ್ಮಾನವಾಗುವುದಿಲ್ಲ. ವೀಟ್ಸೆ ವೆನೆಮಾ ರೂಪಿಸಿದ ಪೋಸ್ಟ್‌ಫಿಕ್ಸ್ ಸರ್ವರನ್ನೇ ನೋಡಿ. ಅದು ನಿಯಮಗಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಹೋಗಿ, ಒಪ್ಪಿಗೆಯೋ ನಿರಾಕರಣೆಯೋ ಸಿಕ್ಕ ಕೂಡಲೇ ಆ ಪಟ್ಟಿಯನ್ನು ಅಲ್ಲಿಗೇ ಮುಗಿಸುತ್ತದೆ. ‘ಲಾಗಿನ್ ಆದವರನ್ನು ಬಿಡು’ ಎಂಬ ಸಾಲಿನ ಕೆಳಗೆ ‘ನಮ್ಮದಲ್ಲದ ವಿಳಾಸಕ್ಕೆ ಹೋಗುವುದನ್ನು ತಡೆ’ ಎಂಬ ಸಾಲು ಇದ್ದರೆ, ಹೊರಗಿನವರು ಬೇರೆಲ್ಲಿಗೋ ಪತ್ರ ದಾಟಿಸಲು ಯತ್ನಿಸಿದಾಗ 554 ಎಂಬ ನಿರಾಕರಣೆಯ ಉತ್ತರ ಪಡೆದು ಮರಳುತ್ತಾರೆ.

ಒಳಗಿನವರ ವಿಷಯ ಇದಕ್ಕಿಂತ ತೊಡಕಿನದು. ಲೆಕ್ಕಪತ್ರ ವಿಭಾಗದ ಗುಮಾಸ್ತರು ತಮ್ಮದೇ ಪಾಸ್‌ವರ್ಡ್ ಕೊಟ್ಟು ಒಳಬಂದು, ಕಳಿಸುವವರ ಜಾಗದಲ್ಲಿ ನಿರ್ದೇಶಕರ ವಿಳಾಸ ನಮೂದಿಸಿದರೆ, ಬೇರೆ ಏರ್ಪಾಡು ಮಾಡಿರದ ಸರ್ವರ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಇದನ್ನು ತಡೆಯಲು ಯಾವ ವಿಳಾಸಕ್ಕೆ ಯಾವ ಲಾಗಿನ್ ಹೆಸರು ಒಡೆಯ ಎಂಬ ಕೋಷ್ಟಕ ಬೇಕು. ಕಚೇರಿಯ ಸಾಮಾನ್ಯ ವಿಳಾಸಕ್ಕೆ ಮೂರು ನಾಲ್ಕು ಹೆಸರುಗಳನ್ನೂ ಅದರಲ್ಲಿ ಬರೆಯಬಹುದು. ಹೊಂದದಿದ್ದರೆ 553, ‘ಈ ವಿಳಾಸ ನಿಮ್ಮದಲ್ಲ’. ಆದರೆ ಅದೇ ಪಟ್ಟಿಯಲ್ಲಿ ಈ ನಿಯಮಕ್ಕಿಂತ ಮೇಲೆ ‘ಲಾಗಿನ್ ಆದವರನ್ನು ಬಿಡು’ ಎಂದಿದ್ದರೆ, ಸರ್ವರ್ ಈ ಸಾಲಿನವರೆಗೆ ಬರುವುದೇ ಇಲ್ಲ. ನಾನು ಕಂಡಂತೆ ಕೋಷ್ಟಕ ಸರಿಯಿದ್ದೂ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಇಷ್ಟು ಮಾಡಿದರೂ ಪರಿಶೀಲನೆಗೆ ಸಿಗುವುದು ಲಕೋಟೆಯ ಮೇಲಿನ ವಿಳಾಸ, ಅಂದರೆ ಪತ್ರ ಒಪ್ಪಿಸುವಾಗ ಸರ್ವರಿಗೆ ಹೇಳುವ ಕಳಿಸುವವರ ವಿಳಾಸ ಮಾತ್ರ. ಓದುಗರ ಪರದೆಯಲ್ಲಿ ಕಾಣುವ ‘ಇಂದ’ ಎಂಬ ಸಾಲು ಪತ್ರದ ಒಳಗಿನದು. ಈ ಕೋಷ್ಟಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೊದಲೆಲ್ಲ ಸ್ಪ್ಯಾಮ್ ತಡೆಯುವ ನಿಯಮಗಳೂ ದಾಟಿಸುವ ನಿಯಮಗಳೂ ಒಂದೇ ಪಟ್ಟಿಯಲ್ಲಿ ಇರುತ್ತಿದ್ದವು. ಪರಿಚಿತ ಡೊಮೈನೊಂದರ ಪತ್ರಗಳು ಸ್ಪ್ಯಾಮ್ ಜರಡಿಯಲ್ಲಿ ಸಿಕ್ಕಬಾರದೆಂದು ಮೇಲೊಂದು ಒಪ್ಪಿಗೆಯ ಸಾಲು ಬರೆದರೆ, ಆ ಡೊಮೈನಿನ ಹೆಸರು ಹೇಳಿಕೊಂಡು ಬಂದ ಯಾರಿಗಾದರೂ ಸರ್ವರ್ ದಾರಿ ಬಿಟ್ಟುಕೊಡುತ್ತಿತ್ತು. ಪೋಸ್ಟ್‌ಫಿಕ್ಸ್ 2.10 ಆವೃತ್ತಿಯಲ್ಲಿ ದಾಟಿಸುವಿಕೆಗೆ ಪ್ರತ್ಯೇಕ ಪಟ್ಟಿ ಬಂದದ್ದು ಇದೇ ಕಾರಣಕ್ಕೆ. ಮುಂದಿನ 2.11ರಲ್ಲಿ ಲಾಗಿನ್ ಹೆಸರನ್ನೇ ಹುಡುಕಿ ನೋಡುವ ನಿಯಮವೂ ಸೇರಿತು: ಒಬ್ಬರ ಪಾಸ್‌ವರ್ಡ್ ಕಳವಾಯಿತೆಂದು ತಿಳಿದರೆ ಅವರ ಹೆಸರಿನ ಮುಂದೆ ‘ತಡೆ’ ಎಂದು ಬರೆದರಾಯಿತು, ಉಳಿದವರ ಪತ್ರಗಳು ಎಂದಿನಂತೆ ಹೋಗುತ್ತಿರುತ್ತವೆ.