ತೂಕ ಹೆಚ್ಚಾದಷ್ಟೂ ನಿಯಮ ಕಡಿಮೆ: ಫೋರ್ಡ್ ಎಕ್ಸ್‌ಕರ್ಷನ್ ಕಥೆ

1999ರ ಕೊನೆಯಲ್ಲಿ ಅಮೆರಿಕದ ಷೋರೂಮುಗಳಿಗೆ ಬಂದ ಫೋರ್ಡ್ ಎಕ್ಸ್‌ಕರ್ಷನ್ ಎಂಬ ಭಾರಿ ಎಸ್‌ಯುವಿಗೆ ಉಳಿದ ಕಾರುಗಳ ಗಾಜಿನ ಮೇಲಿರುತ್ತಿದ್ದ ಸರ್ಕಾರಿ ಮೈಲೇಜ್ ಚೀಟಿ ಅಂಟಿಸಬೇಕಾಗಿರಲಿಲ್ಲ. 1973ರ ತೈಲ ಬಿಕ್ಕಟ್ಟಿನಿಂದ ಕಂಗೆಟ್ಟ ಅಮೆರಿಕ 1975ರಲ್ಲಿ ಇಂಧನ ಮಿತವ್ಯಯದ ಕಾನೂನು ಮಾಡಿತು. ಅದರ ನಿಯಮಗಳು ಹೇರು ಸಮೇತ 8,500 ಪೌಂಡ್, ಅಂದರೆ ಸುಮಾರು 3,855 ಕೆ.ಜಿ. ಮೀರುವ ಗಾಡಿಗಳಿಗೆ ಅನ್ವಯಿಸುತ್ತಿರಲಿಲ್ಲ. ದುಡಿಯುವ ಟ್ರಕ್ಕುಗಳಿಗೆ ಸಿಕ್ಕ ಈ ವಿನಾಯಿತಿಯೊಳಗೆ ಒಂದು ಕುಟುಂಬದ ಗಾಡಿಯೂ ನುಸುಳಿತು.

ನುಸುಳಿದ್ದು ಸುಲಭವಾಗಿಯೇ, ಏಕೆಂದರೆ ಒಳಗಿನ ಮೂಳೆ ಟ್ರಕ್ಕಿನದೇ. ಎಫ್-250 ಸೂಪರ್ ಡ್ಯೂಟಿ ಪಿಕಪ್‌ನ ಚಾಸಿಯ, ಅಂದರೆ ಉಕ್ಕಿನ ಅಡಿಚೌಕಟ್ಟಿನ ಮೇಲೆ ಮೂರು ಸಾಲು ಸೀಟುಗಳ ದೇಹ ಕೂರಿಸಿದ್ದರು. ಉದ್ದ 5.76 ಮೀಟರ್, ಟ್ಯಾಂಕು ಸುಮಾರು 166 ಲೀಟರ್, ಬೇಕೆಂದವರಿಗೆ 6.8 ಲೀಟರಿನ ಹತ್ತು ಸಿಲಿಂಡರ್ ಎಂಜಿನ್.

ಟ್ರಕ್ಕಿನ ಚಾಸಿ ಎತ್ತರದಲ್ಲಿರುತ್ತದೆ. ಎದುರಿನ ಸಣ್ಣ ಕಾರಿಗೆ ಗುದ್ದಿದರೆ ಆ ಚಾಸಿಯ ಉಕ್ಕಿನ ತೊಲೆಗಳು ಕಾರಿನ ಬಂಪರಿನ ಮೇಲಿಂದಲೇ ಹಾಯ್ದುಬಿಡಬಹುದು. ನಜ್ಜಾಗಿ ಆಘಾತ ನುಂಗಬೇಕಾದ ಭಾಗಕ್ಕೆ ಕೆಲಸವೇ ಸಿಗುವುದಿಲ್ಲ. ಅದಕ್ಕೆಂದೇ ಫೋರ್ಡ್ ಮುಂದಿನ ಬಂಪರಿನ ಕೆಳಗೆ ‘ಬ್ಲಾಕರ್ ಬೀಮ್’ ಎಂಬ ಅಡ್ಡ ತೊಲೆ ಇಟ್ಟಿತು. ಒಳ್ಳೆಯ ಎಂಜಿನಿಯರಿಂಗ್, ಮೆಚ್ಚಲೇಬೇಕು. ಆದರೆ ತೊಲೆ ಸರಿಪಡಿಸುವುದು ಎತ್ತರವನ್ನು, ತೂಕವನ್ನಲ್ಲ. ಹೇರಿಲ್ಲದ 3,300 ಕೆ.ಜಿ.ಯ ಎಕ್ಸ್‌ಕರ್ಷನ್, 1,100 ಕೆ.ಜಿ.ಯ ಕಾರು, ಎರಡೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಮುಖಾಮುಖಿ ಗುದ್ದಿ ಅಂಟಿಕೊಂಡವು ಎನ್ನೋಣ. ಸಂವೇಗ ಸಂರಕ್ಷಣೆಯ ಪ್ರಕಾರ (ತೂಕವನ್ನು ವೇಗದಿಂದ ಗುಣಿಸಿ, ದಿಕ್ಕನ್ನೂ ಲೆಕ್ಕ ಹಿಡಿದರೆ ಬರುವ ಒಟ್ಟು ಮೊತ್ತ ಡಿಕ್ಕಿಯಲ್ಲಿ ಬದಲಾಗದು) ಎರಡೂ ಸೇರಿ ಭಾರದ ಗಾಡಿಯ ದಿಕ್ಕಿನಲ್ಲೇ 25 ಕಿ.ಮೀ. ವೇಗದಲ್ಲಿ ಸರಿಯುತ್ತವೆ. ದೊಡ್ಡದರ ವೇಗ ಬದಲಾದದ್ದು 25. ಸಣ್ಣದರದು ನಿಂತು, ಹಿಂದಕ್ಕೆ ದೂಡಿಸಿಕೊಂಡು, 75. ತೂಕ ಎಷ್ಟು ಪಟ್ಟೋ ಪೆಟ್ಟೂ ಅಷ್ಟು ಪಟ್ಟು. ಒಳಗೆ ಕೂತವರ ಕತ್ತು, ಎದೆ ಅನುಭವಿಸುವುದು ಈ ಬದಲಾವಣೆಯನ್ನೇ.

ಪರಿಸರವಾದಿಗಳಾದ ಸಿಯೆರಾ ಕ್ಲಬ್‌ನವರು ಎಕ್ಸ್‌ಕರ್ಷನ್ ಅನ್ನು ಅಲಾಸ್ಕದಲ್ಲಿ ತೈಲ ಚೆಲ್ಲಿದ ‘ಎಕ್ಸಾನ್ ವಾಲ್ಡೀಜ್’ ಹಡಗಿನ ನೆನಪಿನಲ್ಲಿ ‘ಫೋರ್ಡ್ ವಾಲ್ಡೀಜ್’ ಎಂದು ಗೇಲಿ ಮಾಡಿದರು. 2000ದಲ್ಲಿ ಕಂಪನಿಯ ಸ್ವಂತ ವರದಿಯೇ ಎಸ್‌ಯುವಿಗಳು ಹೆಚ್ಚು ಮಾಲಿನ್ಯ ಮಾಡುತ್ತವೆ, ಇತರ ವಾಹನಗಳಿಗೆ ಅಪಾಯ ಎಂದು ಒಪ್ಪಿತು. ಒಪ್ಪಿಯೂ ಮಾರಾಟ ಮುಂದುವರಿಸಿತು ಅನ್ನಿ. ಪೆಟ್ರೋಲ್ ಬೆಲೆ ಏರಿ, ಗಿರಾಕಿ ಇಳಿದು, ಅಮೆರಿಕದಲ್ಲಿ 2005ರ ಮಾದರಿಗೇ ಎಕ್ಸ್‌ಕರ್ಷನ್ ನಿಂತಿತು. ಮರುವರ್ಷ ಸರ್ಕಾರ 10,000 ಪೌಂಡಿಗಿಂತ ಹಗುರವಾದ ಇಂಥ ಪ್ರಯಾಣಿಕ ಗಾಡಿಗಳನ್ನೂ ಇಂಧನ ನಿಯಮದೊಳಗೆ ತರಲು ತೀರ್ಮಾನಿಸಿತು. ಅದು ಜಾರಿಯಾದದ್ದು 2011ರ ಮಾದರಿಗಳಿಂದ.