ಕೋಳಿ ಶೆಡ್ಡಿಗೆ ಬ್ಯಾಕ್ಟೀರಿಯಾ ಬರುವುದು ಯಾವ ದಾರಿಯಲ್ಲಿ?

ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗೆ ಕೋಳಿಯ ಕರುಳು ಹೇಳಿ ಮಾಡಿಸಿದಂಥ ಜಾಗ. ಅದು ಚೆನ್ನಾಗಿ ಬೆಳೆಯುವುದು 42 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ಕೋಳಿಯ ಮೈಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಕರುಳಲ್ಲಿ ಕೋಟಿಗಟ್ಟಲೆ ತುಂಬಿಕೊಂಡಿದ್ದರೂ ಕೋಳಿ ಸಾಮಾನ್ಯವಾಗಿ ತಿಂದುಂಡು ಆರಾಮಾಗಿರುತ್ತದೆ. ಹೊಟ್ಟೆ ಕೆಡುವುದು ಅದರ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರಿಗೆ. ಹಾಗಾಗಿ ಕೋಳಿಗಳನ್ನು ಸುಮ್ನೆ ನೋಡಿ ಎಲ್ಲಾ ಸರಿಯಿದೆ ಅನ್ನುವಂತಿಲ್ಲ.

ಮರಿಗಳಲ್ಲಿ ಮೊದಲ ಎರಡು ವಾರ ಇದು ಕಾಣಿಸುವುದು ಅಪರೂಪ. ಆಮೇಲೆ ಕೆಲವು ಕೋಳಿಗಳಿಗೆ ತಗುಲಿದರೆ ಸಾಕು, ವಾರದೊಳಗೆ ಶೆಡ್ಡಿನ ಬಹುಪಾಲು ಕೋಳಿಗಳಿಗೆ ಹರಡಿಬಿಡುತ್ತದೆ. ಒಂದರ ಹಿಕ್ಕೆಯನ್ನು ಇನ್ನೊಂದು ಕುಕ್ಕುತ್ತದಲ್ಲ! ಆದರೆ ಆ ಮೊದಲ ಕೋಳಿಗೆ ಅದನ್ನು ತಂದು ಮುಟ್ಟಿಸುವವರು ಯಾರು? ಎಷ್ಟೋ ಸಲ ಮನುಷ್ಯರೇ, ಬೂಟಿನ ಅಡಿಯಲ್ಲಿ. ಅದೇ ಫಾರಂನಲ್ಲಿ ದನವೋ ಹಂದಿಯೋ ಇದ್ದರೆ ಅಪಾಯ ಇನ್ನೂ ಜಾಸ್ತಿ. ಪ್ರತಿ ಶೆಡ್ಡಿಗೂ ಬೇರೆ ಬೂಟು ಇಡುವುದು ಅಗ್ಗದ ಉಪಾಯ, ಆದರೆ ಅವಸರದಲ್ಲಿ ಮೊದಲು ತಪ್ಪುವುದೂ ಅದೇ.

ಬ್ರಾಯ್ಲರ್ ಸಾಕುವವರಲ್ಲಿ ಇನ್ನೊಂದು ರೂಢಿಯಿದೆ. ಬ್ಯಾಚಿನ ಒಂದಷ್ಟು ಕೋಳಿಗಳನ್ನು ಮೊದಲು ಮಾರಿ, ಉಳಿದವನ್ನು ಇನ್ನಷ್ಟು ದಿನ ಬೆಳೆಸುವುದು. ಲೆಕ್ಕಕ್ಕೆ ಲಾಭವೇ. ಆದರೆ ಕೋಳಿ ಹಿಡಿಯಲು ಬರುವವರು, ಅವರ ಕ್ರೇಟು, ಲಾರಿ ಎಲ್ಲವೂ ಬೇರೆ ಫಾರಂಗಳನ್ನು ಸುತ್ತಿ ಬಂದಿರುತ್ತವೆ. ಉಳಿದ ಕೋಳಿಗಳಿಗೆ ಸೋಂಕು ತಗುಲುವ ಅಪಾಯ ಆಗ ಹೆಚ್ಚು.

ನೊಣಗಳನ್ನಂತೂ ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಡೆನ್ಮಾರ್ಕಿನಲ್ಲಿ ಬೇಸಿಗೆಯ ಹೊತ್ತಿಗೆ ಶೆಡ್ಡುಗಳ ಗಾಳಿಕಿಂಡಿಗೆ ನೊಣ ತಡೆಯುವ ಬಲೆ ಹಾಕಿ ನೋಡಿದರು. ಬಲೆಯಿಲ್ಲದ ಕಡೆ ಸುಮಾರು ಅರ್ಧದಷ್ಟು ಬ್ಯಾಚುಗಳಲ್ಲಿ ಸೋಂಕಿತ್ತು. ಬಲೆಯಿದ್ದ ಕಡೆ ಶೇಕಡಾ 15ರ ಆಸುಪಾಸು!

ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ರೀತಿಯೇ ಬೇರೆ. ಕ್ಯಾಂಪಿಲೋಬ್ಯಾಕ್ಟರ್ ಒಣಗಿದರೆ ಬೇಗ ಸಾಯುತ್ತದೆ. ಸಾಲ್ಮೊನೆಲ್ಲಾ ಆದರೆ ಒಣ ಫೀಡಿನಲ್ಲಿ, ಧೂಳಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಶೆಡ್ ತೊಳೆದು ಖಾಲಿ ಬಿಟ್ಟರೂ ಇಲಿಗಳು, ನೆಲಕ್ಕೆ ಹಾಸುವ ಹೊಟ್ಟಿನ ಲಿಟ್ಟರ್‌ನಲ್ಲಿ ಬೆಳೆಯುವ ಕಪ್ಪು ಹುಳಗಳು ಹಳೇ ಬ್ಯಾಚಿನ ಸೋಂಕನ್ನು ಹೊಸದಕ್ಕೆ ದಾಟಿಸುತ್ತವೆ. ಸಾಲ್ಮೊನೆಲ್ಲಾದಲ್ಲಿ ಎಂಟರಿಟಿಡಿಸ್ ಎಂಬ ಬಗೆ ತಾಯಿಕೋಳಿಯ ಅಂಡಾಶಯದಿಂದಲೇ ಮೊಟ್ಟೆಯೊಳಗೆ ಸೇರಬಲ್ಲದು. ಆಗ ಶೆಡ್ಡಿನ ಬಾಗಿಲು ಎಷ್ಟು ಕಾದರೂ ಅಷ್ಟೇ, ಮರಿ ಎಲ್ಲಿಂದ ಬಂತು ಅನ್ನುವುದನ್ನೇ ವಿಚಾರಿಸಬೇಕು.

ಹ್ಯಾಚರಿಯ, ಅಂದರೆ ಯಂತ್ರದಲ್ಲಿ ಮೊಟ್ಟೆಯೊಡೆಸಿದ ಮರಿಗೆ ಇನ್ನೊಂದು ಕೊರತೆಯಿದೆ. ಅದು ತಾಯಿಯ ಜೊತೆ ಬೆಳೆಯುವುದಿಲ್ಲ. ಹಾಗಾಗಿ ಒಳ್ಳೆಯ ಬ್ಯಾಕ್ಟೀರಿಯಾಗಳು ಅದರ ಕರುಳಿಗೆ ತಡವಾಗಿ ಸೇರುತ್ತವೆ. 1973ರಲ್ಲಿ ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲ ಎಂಬ ವಿಜ್ಞಾನಿಗಳು ದೊಡ್ಡ ಕೋಳಿಯ ಕರುಳಿನಲ್ಲಿದ್ದುದನ್ನು ಎಳೆಮರಿಗಳಿಗೆ ಕೊಟ್ಟು ನೋಡಿದರು. ಕೇಳುವುದಕ್ಕೆ ಅಸಹ್ಯ ಅಲ್ವಾ? ಆದರೆ ಆ ಮರಿಗಳಲ್ಲಿ ಸಾಲ್ಮೊನೆಲ್ಲಾ ಅಷ್ಟು ಸುಲಭವಾಗಿ ನೆಲೆಯೂರಲಿಲ್ಲ. ಜಾಗ ಆಗಲೇ ಭರ್ತಿಯಾಗಿತ್ತು.

ಇನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಅದು ಮೊದಲಿಂದಲೂ ಕೋಳಿಯ ಕರುಳಲ್ಲೇ ಇರುತ್ತದೆ, ಹಿಕ್ಕೆಯ ಜೊತೆ ಧೂಳಿಗೆ ಸೇರುತ್ತದೆ. ಒದ್ದೆ ಲಿಟ್ಟರ್‌ನಿಂದ ಏಳುವ ಅಮೋನಿಯಾ ಶ್ವಾಸನಾಳದ ಸಣ್ಣ ಕೂದಲುಗಳನ್ನು ಹಾಳುಮಾಡಿದಾಗ, ಆ ಧೂಳು ಉಸಿರಿನ ಜೊತೆ ಒಳಗೆ ಇಳಿಯುತ್ತದೆ. ದಿನವಿಡೀ ಶೆಡ್ಡಿನಲ್ಲೇ ಇರುವವರ ಮೂಗಿಗೆ ಈ ವಾಸನೆ ರೂಢಿಯಾಗಿ ಗೊತ್ತೇ ಆಗುವುದಿಲ್ಲ. ಅದಕ್ಕೇ ಬೆಳಿಗ್ಗೆ ಒಳಗೆ ಕಾಲಿಟ್ಟ ಕೂಡಲೇ, ಕೋಳಿಯ ಎತ್ತರಕ್ಕೆ ಬಗ್ಗಿ ಮೂಸಿ ನೋಡಬೇಕು.