ಫೈನಲ್ ಆಡಿದ ನಾಲ್ಕೇ ತಿಂಗಳಲ್ಲಿ ಮುಚ್ಚಿದ ತಂಡ: ಟ್ಯಾಂಪಾ ಬೇ ಸ್ಟಾರ್ಮ್ ನಡೆದು ಬಂದ ದಾರಿ

2017ರ ಆಗಸ್ಟ್ 26ರಂದು ಫಿಲಡೆಲ್ಫಿಯಾದಲ್ಲಿ ನಡೆದ ಅಮೆರಿಕದ ಅರೀನಾ ಫುಟ್‌ಬಾಲ್ ಲೀಗ್‌ನ ಫೈನಲ್ ಆದ ಅರೀನಾಬೌಲ್‌ನಲ್ಲಿ ಫ್ಲೋರಿಡಾದ ಟ್ಯಾಂಪಾ ಬೇ ಸ್ಟಾರ್ಮ್ ತಂಡವು 40-44ರಿಂದ ಸೋತಿತು. ಅದೇ ವರ್ಷ ಡಿಸೆಂಬರ್ 21ರಂದು ತಂಡದ ಚಟುವಟಿಕೆಯನ್ನು ನಿಲ್ಲಿಸುತ್ತಿರುವುದಾಗಿ ಮಾಲೀಕ ಸಂಸ್ಥೆ ಪ್ರಕಟಿಸಿತು. 30 ಋತುಗಳನ್ನು ಆಡಿ, 5 ಬಾರಿ ಪ್ರಶಸ್ತಿ ಗೆದ್ದಿದ್ದ ತಂಡವದು. ಮೈದಾನದಲ್ಲಿ ಸೋತು ಸೊರಗಿದ್ದರಿಂದ ಅದು ಮುಚ್ಚಿತೆನ್ನುವಂತಿಲ್ಲ, ಏಕೆಂದರೆ ಕೊನೆಯ ಪಂದ್ಯವೇ ಫೈನಲ್ ಆಗಿತ್ತು. ಆಡಲು ಜಾಗವಿಲ್ಲದೆ ಮುಚ್ಚಿತೆನ್ನುವಂತೆಯೂ ಇಲ್ಲ, ಏಕೆಂದರೆ ಟ್ಯಾಂಪಾದ ಒಳಾಂಗಣ ಕ್ರೀಡಾಂಗಣದ ನಿರ್ವಹಣೆ ಅದೇ ಮಾಲೀಕರ ಕೈಯಲ್ಲಿತ್ತು. ಹಾಗಿದ್ದರೆ ಮುಚ್ಚಿದ್ದೇಕೆ ಎಂಬುದಕ್ಕೆ ಉತ್ತರ ಹುಡುಕಬೇಕಾದರೆ ಆ ತಂಡಕ್ಕಿಂತ ಹೆಚ್ಚಾಗಿ ಅದು ಆಡುತ್ತಿದ್ದ ಲೀಗ್‌ನ ಮೂರು ದಶಕಗಳ ಲೆಕ್ಕಾಚಾರವನ್ನು ನೋಡಬೇಕಾಗುತ್ತದೆ.

ಇಲ್ಲಿ ಹೇಳುತ್ತಿರುವುದು ನಮಗೆ ಪರಿಚಿತವಾದ, ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಅಮೆರಿಕನ್ ಫುಟ್‌ಬಾಲ್‌ನ ಒಳಾಂಗಣ ರೂಪ. ಇದರ ಜನಕ ಜಿಮ್ ಫಾಸ್ಟರ್. 1981ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ ಪಂದ್ಯ ನೋಡುತ್ತಿದ್ದ ಅವರು ಕೈಯಲ್ಲಿದ್ದ ಲಕೋಟೆಯ ಮೇಲೆಯೇ ಹೊಸ ಆಟದ ನಕ್ಷೆಯನ್ನು ಗೀಚಿದರು. ಹೊರಾಂಗಣದ ಆಟಕ್ಕೆ 100 ಗಜ ಉದ್ದದ ಮೈದಾನ ಮತ್ತು ತಂಡಕ್ಕೆ 11 ಆಟಗಾರರು ಬೇಕಾದರೆ, ಇದಕ್ಕೆ 50 ಗಜದ ಮೈದಾನ ಮತ್ತು 8 ಆಟಗಾರರು ಸಾಕು. ಅಗಲ 85 ಅಡಿ, ಅಂದರೆ ಐಸ್ ಹಾಕಿ ಅಂಕಣದಷ್ಟೇ. ಹೀಗಾಗಿ ಚಳಿಗಾಲದಲ್ಲಿ ಹಾಕಿಗೆ ಮೀಸಲಾಗಿ ಬೇಸಿಗೆಯಲ್ಲಿ ಖಾಲಿ ಬೀಳುತ್ತಿದ್ದ ಯಾವ ಕ್ರೀಡಾಂಗಣದಲ್ಲಾದರೂ ಹುಲ್ಲುಹಾಸು ಹಾಸಿ ಆಡಿಸಬಹುದಿತ್ತು. ಖರ್ಚು ಕಡಿಮೆ, ಟಿಕೆಟ್ ಅಗ್ಗ. ಬೇಸಿಗೆಯಲ್ಲಿ ಪೈಪೋಟಿಗೆ ಬೇರೆ ಫುಟ್‌ಬಾಲ್ ಇಲ್ಲ. ಆಟದ ಅರ್ಥಶಾಸ್ತ್ರವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿತ್ತು ಎಂಬುದನ್ನು ಮುಂದಿನ ಬೆಳವಣಿಗೆಗಳನ್ನು ಓದುವಾಗ ನೆನಪಿಡಬೇಕು.

ಆಟಕ್ಕೆ ಅದರದೇ ಆದ ಗುರುತು ಕೊಟ್ಟದ್ದು ಗೋಲ್‌ಪೋಸ್ಟ್‌ನ ಎರಡೂ ಬದಿಗೆ ತೂಗುಹಾಕಿದ್ದ ಬಲೆಗಳು. 30 ಅಡಿ ಅಗಲ, 32 ಅಡಿ ಎತ್ತರದ, ಬಿಗಿಯಾಗಿ ಎಳೆದು ಕಟ್ಟಿದ ಈ ಬಲೆಗೆ ಚೆಂಡು ಬಡಿದರೆ ಆಟ ನಿಲ್ಲುವುದಿಲ್ಲ. ಓಣಿ ಕ್ರಿಕೆಟ್‌ನಲ್ಲಿ ಗೋಡೆಗೆ ತಾಗಿ ಬಂದ ಚೆಂಡನ್ನು ಹಿಡಿದರೂ ಔಟ್ ಕೊಡುವಂತೆ, ಇಲ್ಲಿ ಪುಟಿದು ಬಂದ ಚೆಂಡನ್ನು ಯಾರು ಹಿಡಿದರೂ ಅದು ಅವರದೇ. ಅಂಚುಗೆರೆಯ ಜಾಗದಲ್ಲಿ ದಪ್ಪ ಮೆತ್ತೆ ಹೊದಿಸಿದ ತಡೆಗೋಡೆ. ಅದಕ್ಕೆ ಬಡಿದ ಆಟಗಾರ ಕೆಲವೊಮ್ಮೆ ಗೋಡೆ ದಾಟಿ ಮೊದಲ ಸಾಲಿನ ಪ್ರೇಕ್ಷಕರ ತೊಡೆಯ ಮೇಲೆಯೇ ಹೋಗಿ ಬೀಳುತ್ತಿದ್ದ. ಪ್ರೇಕ್ಷಕರತ್ತ ಹಾರಿ ಹೋದ ಚೆಂಡನ್ನು ಮರಳಿ ಕೊಡಬೇಕಾಗಿರಲಿಲ್ಲ, ಸಿಕ್ಕವರು ಮನೆಗೆ ಒಯ್ಯಬಹುದಿತ್ತು. ಹೆಚ್ಚಿನ ಆಟಗಾರರು ಆಕ್ರಮಣ ಮತ್ತು ರಕ್ಷಣೆ ಎರಡನ್ನೂ ಮಾಡಲೇಬೇಕೆಂಬ ನಿಯಮವಿತ್ತು. ಪಂದ್ಯ ಮುಗಿಯುವ ಹೊತ್ತಿಗೆ ಅವರು ಬಸವಳಿದಿರುತ್ತಿದ್ದರು, ಅಂಕಗಳು ಅನೇಕ ವೇಳೆ ಎರಡೂ ಕಡೆ 40 ದಾಟಿರುತ್ತಿದ್ದವು.

ಬಲೆ ಮತ್ತು ಆಟದ ವಿಧಾನ ಸೇರಿ ಇಡೀ ವ್ಯವಸ್ಥೆಗೆ ಫಾಸ್ಟರ್ 1990ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಒಂದು ಆಟಕ್ಕೆ ಪೇಟೆಂಟ್ ಸಿಗುವುದೇ ಅಪರೂಪ. ಇದರಿಂದ ಬೇರೆ ಲೀಗ್‌ಗಳು ಒಳಾಂಗಣ ಫುಟ್‌ಬಾಲ್ ಆಡಿಸಿದರೂ ಬಲೆ ಬಳಸುವಂತಿರಲಿಲ್ಲ, ಮತ್ತು 2007ರಲ್ಲಿ ಪೇಟೆಂಟ್ ಅವಧಿ ಮುಗಿಯುವವರೆಗೂ ಬಲೆಯುಳ್ಳ ಆಟವೆಂದರೆ ಅರೀನಾ ಫುಟ್‌ಬಾಲ್ ಲೀಗ್ ಒಂದೇ ಎಂಬ ಸ್ಥಿತಿ ಮುಂದುವರಿಯಿತು. ಲೀಗ್‌ಗೆ ಇದು ರಕ್ಷೆ; ತಂಡಗಳಿಗೆ ಮಾತ್ರ ಇದರಲ್ಲೊಂದು ತೊಡಕಿತ್ತು. ಲೀಗ್ ಬಿಟ್ಟು ಹೊರಗೆ ಹೋದರೆ ಅವರು ಆಡುವ ಆಟವೇ ಬೇರೆಯಾಗುತ್ತಿತ್ತು.

ಲೀಗ್ 1987ರಲ್ಲಿ ನಾಲ್ಕು ತಂಡಗಳೊಂದಿಗೆ ಆರಂಭವಾಯಿತು: ಷಿಕಾಗೊ, ಡೆನ್ವರ್, ವಾಷಿಂಗ್ಟನ್ ಮತ್ತು ಪಿಟ್ಸ್‌ಬರ್ಗ್. ಮುಂದೆ ಸ್ಟಾರ್ಮ್ ಆದದ್ದು ಈ ಪಿಟ್ಸ್‌ಬರ್ಗ್ ಗ್ಲ್ಯಾಡಿಯೇಟರ್ಸ್. ಜೂನ್ 19ರಂದು ಲೀಗ್‌ನ ಮೊತ್ತಮೊದಲ ಪಂದ್ಯವನ್ನು ತನ್ನ ಊರಿನಲ್ಲಿ ಆಡಿ ವಾಷಿಂಗ್ಟನ್ ವಿರುದ್ಧ 48-46ರಿಂದ ಗೆದ್ದದ್ದೂ, ಆಗಸ್ಟ್ 1ರಂದು ಮೊದಲ ಫೈನಲ್‌ನಲ್ಲಿ ಡೆನ್ವರ್ ಎದುರು 16-45ರಿಂದ ಸೋತದ್ದೂ ಇದೇ ತಂಡ. 1989ರಲ್ಲಿ ಲೀಗ್ ಎಷ್ಟು ಸೊರಗಿತ್ತೆಂದರೆ ಪ್ರತಿ ತಂಡಕ್ಕೂ ನಿಯಮಿತ ಋತುವಿನಲ್ಲಿ ದಕ್ಕಿದ್ದು ನಾಲ್ಕೇ ಪಂದ್ಯ. 1990ರ ಋತು ಮುಗಿದ ಮೇಲೆ ಗ್ಲ್ಯಾಡಿಯೇಟರ್ಸ್ ಪಿಟ್ಸ್‌ಬರ್ಗ್ ಬಿಟ್ಟು ದಕ್ಷಿಣಕ್ಕೆ ಹೊರಟಿತು.

ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯ ಇನ್ನೊಂದು ದಡದಲ್ಲಿರುವ ಸೇಂಟ್ ಪೀಟರ್ಸ್‌ಬರ್ಗ್ ಆಗ ವಿಚಿತ್ರ ಸಂಕಟದಲ್ಲಿತ್ತು. ದೊಡ್ಡ ಬೇಸ್‌ಬಾಲ್ ತಂಡವೊಂದನ್ನು ಸೆಳೆಯುವ ಆಸೆಯಿಂದ ಕಟ್ಟಿದ ಬೃಹತ್ ಗುಮ್ಮಟದ ಕ್ರೀಡಾಂಗಣ 1990ರಲ್ಲಿ ಬಾಗಿಲು ತೆರೆದಿತ್ತು, ಆದರೆ ತಂಡ ಬಂದಿರಲಿಲ್ಲ. ಬೇಸ್‌ಬಾಲ್ ಅಲ್ಲಿಗೆ ತಲುಪಿದ್ದು 1998ರಲ್ಲಿ. ಅಲ್ಲಿಯವರೆಗೆ ಗುಮ್ಮಟದ ಖಾಲಿ ದಿನಗಳಿಗೆ ಅರ್ಥ ಕೊಟ್ಟವರಲ್ಲಿ ಸ್ಟಾರ್ಮ್ ಮೊದಲನೆಯದು. 1991ರಲ್ಲಿ ಹೊಸ ಹೆಸರಿನ ಮೊದಲ ಋತುವಿನಲ್ಲೇ ಫೈನಲ್ ತಲುಪಿ, ಅದಕ್ಕೂ ಮುನ್ನ ಸತತ ಮೂರು ವರ್ಷ ಚಾಂಪಿಯನ್ ಆಗಿದ್ದ ಡೆಟ್ರಾಯಿಟ್ ತಂಡವನ್ನು ಅದರದೇ ಅಂಗಳದಲ್ಲಿ 48-42ರಿಂದ ಮಣಿಸಿತು.

ಸ್ಟಾರ್ಮ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡನ್ನು ಎಸೆದು ಆಕ್ರಮಣವನ್ನು ಮುನ್ನಡೆಸುವ ಆಟಗಾರ, ಜೇ ಗ್ರೂಡನ್. ಹೊರಾಂಗಣ ಆಟದ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಜಾಗ ಸಿಗದ ಅವರು ಈ ಪುಟ್ಟ ಮೈದಾನದಲ್ಲಿ ರಾಜನಂತೆ ಮೆರೆದು 1991, 1993, 1995 ಮತ್ತು 1996ರ ನಾಲ್ಕೂ ಪ್ರಶಸ್ತಿಗಳಲ್ಲಿ ಭಾಗಿಯಾದರು. 1995ರಿಂದ ತರಬೇತುದಾರರಾಗಿ ಬಂದ ಟಿಮ್ ಮಾರ್ಕಮ್ ಆಗಲೇ ಡೆನ್ವರ್ ಮತ್ತು ಡೆಟ್ರಾಯಿಟ್‌ಗಳಿಗೆ ನಾಲ್ಕು ಪ್ರಶಸ್ತಿ ತಂದುಕೊಟ್ಟಿದ್ದರು. ಟ್ಯಾಂಪಾದಲ್ಲಿ ಇನ್ನೂ ಮೂರು ಸೇರಿಸಿದರು. 1996ರ ಫೈನಲ್‌ನಲ್ಲಿ ಸ್ಟಾರ್ಮ್ 42-38ರಿಂದ ಸೋಲಿಸಿದ ಅಯೋವಾ ತಂಡದ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್. ಒಂದು ಕಾಲದಲ್ಲಿ ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದ ಅವರು 2000ದ ಜನವರಿಯಲ್ಲಿ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಾಗ, ಅರೀನಾ ಫುಟ್‌ಬಾಲ್‌ಗೆ ಅದುವರೆಗೆ ಯಾವ ಜಾಹೀರಾತೂ ತಂದುಕೊಡದ ಮರ್ಯಾದೆ ಸಿಕ್ಕಿತು.

ಆದರೆ ಟ್ಯಾಂಪಾದವರಿಗೆ ಅಯೋವಾ, ಡೆಟ್ರಾಯಿಟ್‌ಗಳಿಗಿಂತ ಮುಖ್ಯವಾಗಿದ್ದದ್ದು ಒಂದೂವರೆ ಗಂಟೆ ದೂರದ ಒರ್‍ಲ್ಯಾಂಡೊ. ಎರಡೂ ಊರುಗಳನ್ನು ಜೋಡಿಸುವ ಐ-4 ಹೆದ್ದಾರಿಯ ಹೆಸರಿನಲ್ಲೇ ಒರ್‍ಲ್ಯಾಂಡೊ ಪ್ರೆಡೇಟರ್ಸ್ ಜೊತೆಗಿನ ಪಂದ್ಯಗಳನ್ನು ‘ಐ-4 ಸಮರ’ ಎಂದು ಕರೆಯುತ್ತಿದ್ದರು. 1995ರ ಫೈನಲ್ ಇವೆರಡರ ನಡುವೆಯೇ ನಡೆದು, ಸೇಂಟ್ ಪೀಟರ್ಸ್‌ಬರ್ಗ್‌ನ ಗುಮ್ಮಟದಲ್ಲಿ 25,087 ಜನರ ಎದುರು ಸ್ಟಾರ್ಮ್ 48-35ರಿಂದ ಗೆದ್ದಿತು. ಮೂರು ವರ್ಷದ ನಂತರ ಲೆಕ್ಕ ಚುಕ್ತಾ ಆಯಿತು. 1997ರಲ್ಲಿ ಸ್ಟಾರ್ಮ್ ಟ್ಯಾಂಪಾ ನಗರದ ಹೊಸ ಹಾಕಿ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿತ್ತು. 1998ರ ಫೈನಲ್‌ನಲ್ಲಿ ಅಲ್ಲಿಯೇ ಒರ್‍ಲ್ಯಾಂಡೊ 62-31ರಿಂದ ಅದನ್ನು ಪುಡಿಗಟ್ಟಿತು. ಗೆದ್ದ ತಂಡದ ತರಬೇತುದಾರ ಬೇರಾರೂ ಅಲ್ಲ, ಜೇ ಗ್ರೂಡನ್. ಊರಿನ ಹಳೆಯ ನಾಯಕನೇ ಎದುರಾಳಿಯ ಪಾಳೆಯದಲ್ಲಿ ನಿಂತು ಗೆಲ್ಲುವುದಕ್ಕಿಂತ ಹೆಚ್ಚಿನ ನಾಟಕವನ್ನು ಯಾವ ಲೀಗ್ ತಾನೇ ಹಣ ಕೊಟ್ಟು ಕೊಳ್ಳಲು ಸಾಧ್ಯ? ಆದರೂ ಆಮೇಲಿನ ವರ್ಷಗಳಲ್ಲಿ ಲೀಗ್ ಕೊಳ್ಳಲು ಹೊರಟದ್ದು ಬೇರೆಯದನ್ನೇ.

1990ರ ದಶಕದ ಕೊನೆಯಿಂದ ಈ ಆಟದ ಸುತ್ತ ದೊಡ್ಡ ಹಣ ಸುಳಿದಾಡತೊಡಗಿತು. ಡಲ್ಲಾಸ್, ಅಟ್ಲಾಂಟಾ, ಡೆನ್ವರ್‌ಗಳ ಎನ್‌ಎಫ್‌ಎಲ್ ತಂಡಗಳ ಮಾಲೀಕರು ಅರೀನಾ ತಂಡಗಳಿಗೂ ಕೈಹಾಕಿದರು. ಫಿಲಡೆಲ್ಫಿಯಾದಲ್ಲಿ ಗಾಯಕ ಜಾನ್ ಬಾನ್ ಜೋವಿ ಪಾಲುದಾರರಾದರು. 2003ರಿಂದ ಎನ್‌ಬಿಸಿ ವಾಹಿನಿಯಲ್ಲಿ ನೇರ ಪ್ರಸಾರ ಆರಂಭವಾಯಿತು. ವಾಹಿನಿಯು ಪ್ರಸಾರದ ಹಕ್ಕಿಗೆ ಹಣ ಕೊಡಲಿಲ್ಲ, ಜಾಹೀರಾತಿನ ಆದಾಯವನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಪ್ರಸಾರಕ್ಕೆ ಹೊಂದುವಂತೆ ಋತುವನ್ನು ಫೆಬ್ರುವರಿಗೆ ತರಲಾಯಿತು. ಬೇಸಿಗೆಯಲ್ಲಿ ಖಾಲಿ ಇರುವ ಕ್ರೀಡಾಂಗಣದಲ್ಲಿ ಆಡುವುದಕ್ಕೆಂದೇ ಹುಟ್ಟಿದ ಆಟ ಹೀಗೆ ಹಾಕಿ, ಬ್ಯಾಸ್ಕೆಟ್‌ಬಾಲ್‌ಗಳ ಋತುವಿನ ಮಧ್ಯೆ ದಿನಾಂಕಕ್ಕಾಗಿ ಕಾಯುವ ಸ್ಥಿತಿಗೆ ಬಂದಿತು. ಇದರ ಬಗ್ಗೆ ಆಗ ಹೆಚ್ಚಿನ ತಕರಾರು ಕೇಳಿಸಲಿಲ್ಲ, ಟ್ಯಾಂಪಾದಲ್ಲಂತೂ ಇಲ್ಲವೇ ಇಲ್ಲ: ಎನ್‌ಬಿಸಿಯ ಆ ಮೊದಲ ವರ್ಷದ ಫೈನಲ್‌ನಲ್ಲಿ ಸ್ಟಾರ್ಮ್ ತನ್ನ ಅಂಗಳದಲ್ಲೇ ಅರಿಜೋನಾ ರ್‍ಯಾಟ್ಲರ್ಸ್ ತಂಡವನ್ನು 43-29ರಿಂದ ಸೋಲಿಸಿ ಐದನೇ ಪ್ರಶಸ್ತಿ ಗೆದ್ದಿತು. ಅದೇ ವರ್ಷದ ಜನವರಿಯಲ್ಲಿ ಊರಿನ ಬಕನೀರ್ಸ್ ತಂಡ ಸೂಪರ್ ಬೌಲ್ ಗೆದ್ದಿತ್ತು. ಮರುವರ್ಷ ಲೈಟ್ನಿಂಗ್ ಹಾಕಿ ತಂಡ ಸ್ಟ್ಯಾನ್ಲಿ ಕಪ್ ತಂದಿತು. ಟ್ಯಾಂಪಾ ಆ ಹದಿನೆಂಟು ತಿಂಗಳುಗಳಲ್ಲಿ ಕಂಡಷ್ಟು ಸಂಭ್ರಮವನ್ನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಸ್ಟಾರ್ಮ್ ಮತ್ತೆಂದೂ ಪ್ರಶಸ್ತಿ ಗೆಲ್ಲಲಿಲ್ಲ. ನಾಲ್ಕು ಋತುಗಳ ಬಳಿಕ ಎನ್‌ಬಿಸಿ ಇನ್ನಷ್ಟು ಆಸಕ್ತಿ ತೋರದೆ ದೂರವಾಯಿತು. 2006ರ ಕೊನೆಗೆ ಇಎಸ್‌ಪಿಎನ್ ಪ್ರಸಾರದ ಜೊತೆಗೆ ಲೀಗ್‌ನಲ್ಲಿ ಅಲ್ಪ ಪಾಲನ್ನೂ ಪಡೆಯಿತು. ಮರುವರ್ಷ ತಂಡಗಳ ಸಂಖ್ಯೆ 19ಕ್ಕೇರಿತು, ಸ್ಟಾರ್ಮ್ ಕೋಟಿಗೂ ಮಿಕ್ಕಿದ ಡಾಲರ್‌ಗೆ ಕೈ ಬದಲಾಯಿಸಿತು. ಅದೇ 2007ರಲ್ಲಿ ಆಕ್ರಮಣಕ್ಕೂ ರಕ್ಷಣೆಗೂ ಬೇರೆಬೇರೆ ಆಟಗಾರರನ್ನು ಇಳಿಸಲು ಅವಕಾಶ ನೀಡಲಾಯಿತು. ಆಟದ ಗುಣಮಟ್ಟ ಹೆಚ್ಚಿತೆಂದು ಇದನ್ನು ಸಮರ್ಥಿಸಿದವರಿದ್ದಾರೆ, ಅದರಲ್ಲಿ ಸತ್ಯವೂ ಇರಬಹುದು. ಆದರೆ ತಂಡಗಳಿಗೆ ಹೆಚ್ಚು ಆಟಗಾರರು ಬೇಕಾದರು, ಸಂಬಳದ ಪಟ್ಟಿ ಬೆಳೆಯಿತು, ಬಸವಳಿದರೂ ಬಿಡದೆ ಆಡುವವರನ್ನು ನೋಡಲೆಂದೇ ಬರುತ್ತಿದ್ದ ಹಳೆಯ ಪ್ರೇಕ್ಷಕರಿಗೆ ಸಿಕ್ಕಿದ್ದು ಎನ್‌ಎಫ್‌ಎಲ್‌ನ ಕಿರಿದಾದ ನಕಲು. ಹೊಸ ತಂಡಗಳು ಕಟ್ಟುವ ಪ್ರವೇಶ ಶುಲ್ಕ ಮತ್ತು ಏರುತ್ತಲೇ ಇರುವ ಫ್ರಾಂಚೈಸಿ ಬೆಲೆಯ ನಿರೀಕ್ಷೆ ಇವೆರಡೂ ಇರುವವರೆಗೆ ಪ್ರತಿ ಋತುವಿನ ನಷ್ಟವನ್ನು ಯಾರೂ ದೊಡ್ಡದಾಗಿ ಕಾಣಲಿಲ್ಲ.

2008ರಲ್ಲಿ ಆರ್ಥಿಕ ಕುಸಿತ ಬಂದಾಗ ಆ ನಿರೀಕ್ಷೆಯೂ ಕುಸಿಯಿತು. ಜುಲೈನಲ್ಲಿ, ಫೈನಲ್‌ಗೆ ಎರಡು ದಿನ ಇರುವಾಗ, ಹನ್ನೆರಡು ವರ್ಷದಿಂದ ಲೀಗ್ ನಡೆಸಿದ್ದ ಕಮಿಷನರ್ ರಾಜೀನಾಮೆ ಕೊಟ್ಟರು. ಅಕ್ಟೋಬರ್‌ನಲ್ಲಿ ನ್ಯೂ ಆರ್ಲಿಯನ್ಸ್ ತಂಡ ಮುಚ್ಚಿತು. ಡಿಸೆಂಬರ್‌ನಲ್ಲಿ 2009ರ ಋತುವನ್ನೇ ರದ್ದುಗೊಳಿಸಲಾಯಿತು, ಮುಂದಿನ ಆಗಸ್ಟ್‌ನಲ್ಲಿ ಲೀಗ್ ದಿವಾಳಿಯ ದಾರಿ ಹಿಡಿಯಿತು. ಅದರ ಹೆಸರು, ಲಾಂಛನ, ದಾಖಲೆಗಳೆಲ್ಲ ಸೇರಿ 2009ರ ನವೆಂಬರ್‌ನಲ್ಲಿ ಹರಾಜಾದದ್ದು 61 ಲಕ್ಷ ಡಾಲರ್‌ಗೆ. ಎರಡೇ ವರ್ಷ ಹಿಂದೆ ಒಂದು ತಂಡಕ್ಕೆ ಕೊಟ್ಟ ಬೆಲೆಯಷ್ಟೂ ಇಡೀ ಲೀಗ್‌ನ ಸ್ವತ್ತಿಗೆ ಬರಲಿಲ್ಲ.

ಕೊಂಡವರು 2010ರಲ್ಲಿ ಲೀಗ್ ಅನ್ನು ಮತ್ತೆ ಆರಂಭಿಸಿದರು. ಸ್ಟಾರ್ಮ್ ಮರಳಿ ಬಂದು ಆ ವರ್ಷವೇ ಫೈನಲ್ ತಲುಪಿತು, ಸ್ಪೋಕೇನ್ ಎದುರು 57-69ರಿಂದ ಸೋತಿತು. ಆದರೆ ಈಗ ಆಟಗಾರನಿಗೆ ಪಂದ್ಯಕ್ಕೆ ಸಿಗುತ್ತಿದ್ದದ್ದು 400 ಡಾಲರ್. ಈ ಸಂಬಳದ ಜಗಳ 2012ರ ಮೊದಲ ದಿನದ ಪಂದ್ಯದಲ್ಲೇ ಸ್ಫೋಟಿಸಿತು: ಒರ್‍ಲ್ಯಾಂಡೊದಲ್ಲಿ ಆಡಲು ಬಂದಿದ್ದ ಪಿಟ್ಸ್‌ಬರ್ಗ್‌ನ ಹೊಸ ತಂಡದ ಆಟಗಾರರು ಪಂದ್ಯಕ್ಕೆ ಮುನ್ನ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಿದ್ದಾಗಲೇ ಅವರನ್ನು ತಂಡದಿಂದ ತೆಗೆದುಹಾಕಲಾಯಿತು. ಖರ್ಚನ್ನು ಇಳಿಸಿದ್ದು ಸರಿಯಾದ ಹೆಜ್ಜೆಯೇ ಇರಬಹುದು, ಆದರೆ ಆಟಗಾರರನ್ನು ಋತುವಿನಿಂದ ಋತುವಿಗೆ ಉಳಿಸಿಕೊಳ್ಳಲಾಗದ ತಂಡಕ್ಕೆ ಗ್ರೂಡನ್‌ನಂಥ ಊರಿನ ಮುಖ ಎಲ್ಲಿಂದ ಸಿಗಬೇಕು? ಈ ವಿಷಯದಲ್ಲಿ ಸ್ಟಾರ್ಮ್ ಸ್ವಲ್ಪ ಅದೃಷ್ಟ ಮಾಡಿತ್ತು. 2011ರಲ್ಲಿ ಲೈಟ್ನಿಂಗ್ ಹಾಕಿ ತಂಡದ ಮಾಲೀಕರೇ ಅದನ್ನೂ ವಹಿಸಿಕೊಂಡರು. 2003ರ ವಿಜೇತ ತಂಡದಲ್ಲಿದ್ದ ಲಾರೆನ್ಸ್ ಸ್ಯಾಮ್ಯುಯೆಲ್ಸ್ 2014ರಲ್ಲಿ ತರಬೇತುದಾರರಾದರು.

ಆ ಹೊತ್ತಿಗೆ ಸುತ್ತಲಿನವರೆಲ್ಲ ಒಬ್ಬೊಬ್ಬರಾಗಿ ಹೊರಡುತ್ತಿದ್ದರು. 2014ರಲ್ಲಿ 14 ತಂಡ, 2015ರಲ್ಲಿ 12, 2016ರಲ್ಲಿ 8. ಆ ವರ್ಷದ ಕೊನೆಗೆ ಒರ್‍ಲ್ಯಾಂಡೊ, ಲಾಸ್ ಏಂಜಲಿಸ್, ಪೋರ್ಟ್‌ಲ್ಯಾಂಡ್ ಮುಚ್ಚಿದವು. ಅರಿಜೋನಾ ಮತ್ತು ಜ್ಯಾಕ್ಸನ್‌ವಿಲ್ ಬೇರೆ ಲೀಗ್‌ಗಳಿಗೆ ಹೋದವು. 2017ರಲ್ಲಿ ಉಳಿದದ್ದು 5 ತಂಡ, ಅವುಗಳಲ್ಲಿ ಹೊಸದಾಗಿ ಸೇರಿದ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ಎರಡಕ್ಕೂ ಒಬ್ಬರೇ ಮಾಲೀಕರು. 14 ಪಂದ್ಯಗಳ ಋತುವಿನಲ್ಲಿ ಅದೇ ನಾಲ್ಕು ಎದುರಾಳಿಗಳೊಂದಿಗೆ ಮೂರು, ನಾಲ್ಕು ಸಲ ಆಡಿ, ಕೊನೆಗೆ ಐದರಲ್ಲಿ ನಾಲ್ಕು ತಂಡಗಳು ಪ್ಲೇಆಫ್‌ಗೆ ಹೋಗುವುದನ್ನು ಸ್ಪರ್ಧೆ ಎನ್ನುವುದು ಕಷ್ಟ. ಎರಡು ದಶಕ ಕ್ರೀಡಾಂಗಣ ತುಂಬಿಸಿದ್ದ ಐ-4 ಸಮರವೂ ಇರಲಿಲ್ಲ. ಋತು ಮುಗಿದ ಮೇಲೆ ಕ್ಲೀವ್‌ಲ್ಯಾಂಡ್ ತನ್ನ ಕ್ರೀಡಾಂಗಣದ ನವೀಕರಣದ ಕಾರಣಕ್ಕೆ ಎರಡು ವರ್ಷ ಬಿಡುವು ತೆಗೆದುಕೊಂಡಿತು. ಹೊಸ ತಂಡಗಳು ಬರುವ ಭರವಸೆ ಮಾತಿನಲ್ಲಿತ್ತು, ಕೈಗೆ ಸಿಗುವಂತೆ ಕಾಣಲಿಲ್ಲ. ಡಿಸೆಂಬರ್‌ನ ಪ್ರಕಟಣೆ ಬಂದದ್ದು ಈ ಹಂತದಲ್ಲಿ. 1987ರ ನಾಲ್ಕು ಮೂಲ ತಂಡಗಳಲ್ಲಿ ಅಲ್ಲಿಯವರೆಗೆ ಉಳಿದಿದ್ದದ್ದು ಸ್ಟಾರ್ಮ್ ಒಂದೇ.

ಮರುವರ್ಷ ನಾಲ್ಕು ತಂಡಗಳ ಲೀಗ್‌ನಲ್ಲಿ ನಾಲ್ಕೂ ಪ್ಲೇಆಫ್‌ಗೆ ಹೋಗಿ, 12ರಲ್ಲಿ 10 ಪಂದ್ಯ ಸೋತಿದ್ದ ವಾಷಿಂಗ್ಟನ್ ಚಾಂಪಿಯನ್ ಆಯಿತು. 2019ರ ನವೆಂಬರ್‌ನಲ್ಲಿ ಲೀಗ್ ಎರಡನೇ ಬಾರಿ ದಿವಾಳಿ ಅರ್ಜಿ ಹಾಕಿತು. 2024ರಲ್ಲಿ ಬೇರೆಯವರು ಅದೇ ಹೆಸರಿನಲ್ಲಿ ಮತ್ತೊಮ್ಮೆ ಆರಂಭಿಸಿದಾಗ ಕೆಲವೇ ವಾರಗಳಲ್ಲಿ ಹಲವು ತಂಡಗಳು ಕಳಚಿಕೊಂಡವು. ಅದರಲ್ಲಿ ಸ್ಟಾರ್ಮ್ ಇರಲಿಲ್ಲ. ಸ್ಟಾರ್ಮ್‌ನಂತೆಯೇ 5 ಪ್ರಶಸ್ತಿ ಗೆದ್ದಿದ್ದ ಅರಿಜೋನಾ ರ್‍ಯಾಟ್ಲರ್ಸ್ ಮಾತ್ರ 2016ರಲ್ಲಿ ಹೋಗಿ ಸೇರಿದ ಇಂಡೋರ್ ಫುಟ್‌ಬಾಲ್ ಲೀಗ್‌ನಲ್ಲಿ ಆಟ ಮುಂದುವರಿಸಿ 2024ರಲ್ಲಿ ಅಲ್ಲಿಯೂ ಚಾಂಪಿಯನ್ ಆಯಿತು. ಅಲ್ಲಿ ಗೋಲ್‌ಪೋಸ್ಟ್‌ನ ಬದಿಗೆ ಬಲೆಗಳಿಲ್ಲ.